ಅರಸರ ಸಸ್ಯೋದ್ಯಾನಗಳು, ಕೊಡಗಿನ ತೋಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ತೋಟದವರೂ ಶಾಲೆಯ ಮಕ್ಕಳೂ ಹೆಚ್ಚಾಗಿ ಕೇಳುವುದು ಲಾಲ್‌ಬಾಗಿನ ಬಗ್ಗೆ. ಆದರೆ ಲಾಲ್‌ಬಾಗ್ ಒಂದನ್ನೇ ಹೇಳಿ ನಿಲ್ಲಿಸಿದರೆ ವಿಷಯ ಅರ್ಧಕ್ಕೇ ನಿಲ್ಲುತ್ತದೆ. ಲಂಡನ್ನಿನ ಕ್ಯೂ, ಶ್ರೀಲಂಕಾದ ಪೆರಾದೆನಿಯ, ಪ್ಯಾರಿಸ್ಸಿನ ಅರಸರ ತೋಟ ಇವೆಲ್ಲದರ ಎಳೆಗಳು ನಮ್ಮ ಕಾಫಿ ಗಿಡದವರೆಗೆ, ಅದರ ನೆರಳಿನ ಸಿಲ್ವರ್ ಮರದವರೆಗೆ ಬಂದಿವೆ. ಹಾಗಾಗಿ ಎಲ್ಲವನ್ನೂ ಸೇರಿಸಿಯೇ ಉತ್ತರಿಸಿದ್ದೇವೆ.

ರಾಜಾಸೀಟ್ ಕೂಡ ಅರಸರ ತೋಟ ತಾನೆ? ಅದನ್ನೂ ಸಸ್ಯೋದ್ಯಾನ ಎನ್ನಬಹುದಾ?

ಅರಸರ ತೋಟ ಹೌದು, ಸಸ್ಯೋದ್ಯಾನ ಅಲ್ಲ. ಹಾಲೇರಿ ವಂಶದ ಅರಸರು ಆ ಬೆಟ್ಟದಂಚಿನಲ್ಲಿ ಕೂತು ಹೊತ್ತು ಮುಳುಗುವುದನ್ನು ನೋಡುತ್ತಿದ್ದರು, ಅದಕ್ಕೇ ಆ ಹೆಸರು. ಈಗ ಅಲ್ಲಿರುವ ಹೂವಿನ ಮಡಿಗಳು ತೋಟಗಾರಿಕೆ ಇಲಾಖೆಯವರು ಮಾಡಿದ್ದು. ನೋಡಲು ಚೆಂದ, ಆದರೆ ಚೆಂದ ಇದ್ದ ಮಾತ್ರಕ್ಕೆ ಸಸ್ಯೋದ್ಯಾನ ಆಗುವುದಿಲ್ಲ.

ಸಸ್ಯೋದ್ಯಾನದಲ್ಲಿ ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ದಾಖಲೆ ಪುಸ್ತಕ ತೆರೆದರೆ ಗಿಡ ಯಾವ ಊರಿನ ಯಾವ ಕಾಡಿನಿಂದ, ಯಾವ ವರ್ಷ, ಯಾರ ಕೈಯಿಂದ ಬಂತು, ಬೀಜವಾಗಿ ಬಂತೋ ಸಸಿಯಾಗಿ ಬಂತೋ ಎಂಬುದು ಸಿಗಬೇಕು. ಅದರ ಒಣಗಿಸಿದ ಮಾದರಿ ಕಪಾಟಿನಲ್ಲಿ ಇರಬೇಕು. ಬೇರೆ ಉದ್ಯಾನಗಳ ಜೊತೆ ಬೀಜ, ಸಸಿಗಳ ಕೊಡುಕೊಳ್ಳುವಿಕೆ ನಡೆಯುತ್ತಿರಬೇಕು. ಗಿಡ ಸತ್ತರೂ ಅದರ ದಾಖಲೆ ಉಳಿಯುತ್ತದೆ. ಹೂತೋಟಕ್ಕೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಆ ಪುಸ್ತಕವೇ.

ಲಾಲ್‌ಬಾಗ್ ಶುರುವಾದದ್ದು ಹೇಗೆ?

1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಶುರು ಮಾಡಿದ. ಅವನ ಕಣ್ಣಮುಂದಿದ್ದ ಮಾದರಿ ಸಿರಾದಲ್ಲಿದ್ದ ಮೊಗಲ್ ಶೈಲಿಯ ತೋಟ. ಟಿಪ್ಪು ಅದನ್ನು ಬೆಳೆಸಿ ಹೊರದೇಶಗಳಿಂದ ಗಿಡ, ಬೀಜ ತರಿಸಿದ.

ಆಗ ತೋಟ ಹೇಗಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷೆಗೆಂದು 1800ರಲ್ಲಿ ಬಂದ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದದ್ದು. ಇಡೀ ಜಾಗವನ್ನು ಚೌಕಗಳಾಗಿ ಭಾಗ ಮಾಡಿ ನಡುವೆ ದಾರಿ ಬಿಟ್ಟಿದ್ದರು, ದಾರಿಯ ಎರಡೂ ಬದಿಗೆ ಸೈಪ್ರೆಸ್ ಮರಗಳಿದ್ದವು. ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಪಾತಿ. ಸೇಬು, ಪೀಚ್ ಕೂಡ ಅಲ್ಲಿ ಕಾಯಿ ಬಿಡುತ್ತಿದ್ದವು. ಅಂದರೆ ಅದು ಆಗ ಅರಮನೆಯ ಹಣ್ಣು–ಹೂವಿನ ತೋಟ, ಸಸ್ಯೋದ್ಯಾನ ಆದದ್ದು ಆಮೇಲೆ. ಆದರೆ ದೂರದ ಗಿಡವನ್ನು ತಂದು ನೆಟ್ಟು ಬದುಕುತ್ತದೋ ಇಲ್ಲವೋ ನೋಡುವ ರೂಢಿ ಅಲ್ಲೇ ಬೇರು ಬಿಟ್ಟಿತು.

ಟಿಪ್ಪು ಬೆಳೆಸಿದ ತೋಟವನ್ನು ಕೊಡಗಿನವರು ಹೇಗೆ ನೋಡಬೇಕು?

ನೇರವಾಗಿ ಕೇಳುವ ಪ್ರಶ್ನೆ, ನೇರವಾಗಿಯೇ ಹೇಳಬೇಕು. ಲಾಲ್‌ಬಾಗಿನಲ್ಲಿ ಪಾತಿ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ ಕೊಡಗಿನ ಮೇಲೆ ದಂಡು ಬರುತ್ತಿತ್ತು, ಜನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದ. 1792ರ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬ್ಬೆಯ ಬಳಿ, ನಾಲ್ಕುನಾಡು ಅರಮನೆ ಎದ್ದಿತು. ಹೊರಗಿನವರ ಕಣ್ಣಿಗೆ ಬೀಳದ ಜಾಗವನ್ನು ಹುಡುಕಿ ಕಟ್ಟಿದ ಅರಮನೆ ಅದು. ಎರಡೂ ನಿಜ, ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

1799ರ ನಂತರ ಲಾಲ್‌ಬಾಗ್ ಏನಾಯಿತು?

ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಸೇನಾಧಿಕಾರಿ ಮೇಜರ್ ವಾ ಅವರ ಕೈಗೆ ಹೋಯಿತು. 1819ರಲ್ಲಿ ಸರ್ಕಾರಕ್ಕೆ ಬಂದು, ಕಲ್ಕತ್ತೆಯ ಸಸ್ಯೋದ್ಯಾನದ ವಾಲಿಕ್ ಅವರ ಉಸ್ತುವಾರಿಯಲ್ಲಿ ಕೆಲಕಾಲ ಇತ್ತು. 1856ರಲ್ಲಿ ಅದು ಅಧಿಕೃತವಾಗಿ ಸರ್ಕಾರಿ ಸಸ್ಯೋದ್ಯಾನ ಆಯಿತು.

ಆ ವರ್ಷವನ್ನು ಕೊಡಗಿನ ಪಕ್ಕದಲ್ಲಿಟ್ಟು ನೋಡಿ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿನವರ ಮೊದಲ ಕಾಫಿ ತೋಟ ಶುರುವಾಯಿತು. ಎರಡೇ ವರ್ಷಕ್ಕೆ ಲಾಲ್‌ಬಾಗ್ ಸಸ್ಯೋದ್ಯಾನ. ಬೆಟ್ಟದಲ್ಲಿ ತೋಟ ಏಳುತ್ತಿದ್ದಾಗ ಬಯಲಿನಲ್ಲಿ ಆ ತೋಟಗಳಿಗೆ ಬೇಕಾದ ಗಿಡಗಳನ್ನು ಪರೀಕ್ಷೆ ಮಾಡುವ ಜಾಗವೂ ತಯಾರಾಗುತ್ತಿತ್ತು.

1858ರಲ್ಲಿ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದರು. 1874ರಲ್ಲಿ ಜಾನ್ ಕ್ಯಾಮರಾನ್ ಬಂದಾಗ ಇದ್ದದ್ದು 45 ಎಕರೆ. ಅವರ ಕಾಲದಲ್ಲೇ, 1894ರ ಹೊತ್ತಿಗೆ, ಕೆಂಪೇಗೌಡ ಗೋಪುರದ ಬಂಡೆಯೂ ಸೇರಿ 188 ಎಕರೆ ಆಯಿತು. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು. ಒಂದರ ಹೂ ಉದುರುವಾಗ ಇನ್ನೊಂದು ಅರಳಬೇಕು ಎಂದು ಲೆಕ್ಕ ಹಾಕಿ ಬೆಂಗಳೂರಿನ ಬೀದಿಮರಗಳನ್ನು ಆರಿಸಿದವರು ಅವರು. ಆಮೇಲೆ ಎಚ್.ಸಿ. ಜವರಾಯ, ಎಂ.ಎಚ್. ಮರೀಗೌಡ. ಮರೀಗೌಡರೇ ರಾಜ್ಯದ ತೋಟಗಾರಿಕೆ ಇಲಾಖೆಯ ಮೊದಲ ನಿರ್ದೇಶಕರು. ಈಗಿನ ವಿಸ್ತೀರ್ಣ 240 ಎಕರೆ.

ಗಾಜಿನ ಮನೆ ಯಾಕೆ? ಬೆಂಗಳೂರಲ್ಲಿ ಅಂಥ ಚಳಿ ಏನಿದೆ?

ಚಳಿಗಾಗಿ ಕಟ್ಟಿದ್ದಲ್ಲ. ಕ್ಯೂನಲ್ಲಿ 1844ರಿಂದ 1848ರವರೆಗೆ ಕಟ್ಟಿದ ತಾಳೆಮರಗಳ ಗಾಜಿನ ಮನೆಯ ಅಡಿಯಲ್ಲಿ ಕಲ್ಲಿದ್ದಲು ಉರಿಸಿ ಬಿಸಿನೀರಿನ ಕೊಳವೆ ಹರಿಸಬೇಕಿತ್ತು, ಇಲ್ಲದಿದ್ದರೆ ಉಷ್ಣವಲಯದ ಗಿಡಗಳು ಒಂದೇ ಚಳಿಗಾಲಕ್ಕೆ ಸಾಯುತ್ತಿದ್ದವು. ಲಾಲ್‌ಬಾಗಿನ ಗಾಜಿನ ಮನೆ ಎರಕದ ಕಬ್ಬಿಣದ ಕಂಬಗಳ ಮೇಲೆ ನಿಂತ ಪ್ರದರ್ಶನ ಮಂಟಪ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಬೆಳಕು ಒಳಗೆ ಬರಬೇಕು, ಮಳೆ ಬರಬಾರದು, ಗಾಳಿ ಆಡಬೇಕು, ಅಷ್ಟೇ ಉದ್ದೇಶ. ಇದೇ ವಿನ್ಯಾಸ ನೋಡಿ ಮನೆಯಲ್ಲಿ ಆರ್ಕಿಡ್‌ಗೆಂದು ಸುತ್ತ ಮುಚ್ಚಿದ ಗಾಜಿನ ಗೂಡು ಕಟ್ಟುವವರು ಬೇಸಿಗೆಯಲ್ಲಿ ಗಿಡ ಬೇಯಿಸಿಬಿಡುತ್ತಾರೆ. ಬದಿಗಳು ತೆರೆದಿರಬೇಕು.

ಕ್ಯೂ ಅಂದರೇನು? ಅದಕ್ಕೆ ಇನ್ನೂ ಯಾಕೆ ರಾಯಲ್ ಎನ್ನುತ್ತಾರೆ?

ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಂಡೆಯಲ್ಲಿ, 1759ರಲ್ಲಿ ರಾಜಕುಮಾರಿ ಆಗಸ್ಟಾ ತನ್ನ ಅರಮನೆಯ ಅಂಗಳದಲ್ಲಿ ಮಾಡಿಸಿದ ತೋಟ. ಮಗ ಮೂರನೇ ಜಾರ್ಜ್ ಅರಸನಾದ ಮೇಲೆ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಲೋಕದ ಮೂಲೆಮೂಲೆಗೆ ಗಿಡ ಹುಡುಕುವವರನ್ನು ಕಳಿಸಿದರು. ಅರಸ, ಬ್ಯಾಂಕ್ಸ್ ಇಬ್ಬರೂ 1820ರಲ್ಲೇ ತೀರಿಕೊಂಡರು, ಅಲ್ಲಿಂದ ಇಪ್ಪತ್ತು ವರ್ಷ ಕೇಳುವವರಿಲ್ಲದೆ ತೋಟ ಸೊರಗಿತು. 1840ರಲ್ಲಿ ಅರಮನೆಯಿಂದ ಸರ್ಕಾರಕ್ಕೆ ಬಂತು, ಮರುವರ್ಷ ವಿಲಿಯಂ ಹೂಕರ್ ನಿರ್ದೇಶಕರಾದರು. ಹೆಸರಿನಲ್ಲಿ ರಾಯಲ್ ಉಳಿಯಿತು, ಖರ್ಚು ಸಾರ್ವಜನಿಕರದ್ದಾಯಿತು. ಪೆರಾದೆನಿಯದ ಹೆಸರಿನಲ್ಲೂ ಇಂದಿಗೂ ರಾಯಲ್ ಇದೆ.

ಊಟಿಯ ಉದ್ಯಾನವನ್ನು 1848ರಿಂದ ಕಟ್ಟಿದ ಮೆಕೈವರ್, ಲಾಲ್‌ಬಾಗಿನ ನ್ಯೂ, ಕ್ಯಾಮರಾನ್, ಕ್ರುಂಬಿಗಲ್ ಎಲ್ಲರೂ ಕ್ಯೂನಲ್ಲಿ ಪಳಗಿ ಬಂದವರು.

ವಿಮಾನ ಇಲ್ಲದ ಕಾಲದಲ್ಲಿ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಬದುಕಿದ್ದು ಹೇಗೆ?

1830ರ ದಶಕದವರೆಗೆ ಹೆಚ್ಚಿನವು ಬದುಕುತ್ತಲೇ ಇರಲಿಲ್ಲ. ಉಪ್ಪುಗಾಳಿ ಎಲೆ ಸುಡುತ್ತಿತ್ತು, ಸಿಹಿನೀರು ಹಡಗಿನ ಜನರಿಗೇ ಸಾಲುತ್ತಿರಲಿಲ್ಲ, ಕೆಳಗಿನ ಅಟ್ಟದಲ್ಲಿಟ್ಟರೆ ಕತ್ತಲಿಗೆ ಗಿಡ ಬಿಳಿಚಿಕೊಳ್ಳುತ್ತಿತ್ತು.

ದಾರಿ ತೋರಿಸಿದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. 1829ರಲ್ಲಿ ಅವರು ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಪತಂಗದ ಕಥೆ ಹಾಗಿರಲಿ, ಆ ಮಣ್ಣಿನಲ್ಲಿ ಜರಿಗಿಡ ಮೊಳೆತು, ನೀರು ಹಾಕದೆಯೇ ಬೆಳೆಯಿತು. ಹಗಲು ಎಲೆಯಿಂದ ಹೊರಟ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಎರಡು ಪೆಟ್ಟಿಗೆಗಳು ಲಂಡನ್ನಿನಿಂದ ಸಿಡ್ನಿಗೆ ಹೋದವು, ಗಿಡಗಳು ಜೀವಂತ ತಲುಪಿದವು. ಅದಕ್ಕೆ ವಾರ್ಡ್ ಪೆಟ್ಟಿಗೆ ಎಂದೇ ಹೆಸರಾಯಿತು.

ಪೆಟ್ಟಿಗೆಯ ರಚನೆ ಸರಳ. ಗಟ್ಟಿ ಹಲಗೆಯ ತಳ, ಅದರ ಮೇಲೆ ಮನೆಯ ಮಾಡಿನಂತೆ ಎರಡು ಇಳಿಜಾರಿನ ಗಾಜಿನ ಮುಚ್ಚಳ. ತಳದಲ್ಲಿ ಒದ್ದೆ ಮಾಡಿ ಹೆಚ್ಚಿನ ನೀರು ಬಸಿದ ಮಣ್ಣು. ಅಲೆಗೆ ಹಡಗು ವಾಲಿದಾಗ ಬೇರು ಕೀಳದಂತೆ ಮಣ್ಣಿನ ಮೇಲೆ ಅಡ್ಡಪಟ್ಟಿ. ಸಂದುಗಳಿಗೆಲ್ಲ ಪುಟ್ಟಿ. ಇಡಬೇಕಾದದ್ದು ಮೇಲಟ್ಟದಲ್ಲಿ, ಬೆಳಕಿಗೆ. ಕೆಡುತ್ತಿದ್ದದ್ದು ಮೂರು ಕಾರಣಕ್ಕೆ: ಮುಚ್ಚುವ ಮುಂಚೆ ನೀರು ಹೆಚ್ಚು ಹಾಕಿದರೆ ಬೇರು ಕೊಳೆಯುತ್ತಿತ್ತು, ಗಾಜು ಒಡೆದರೆ ಉಪ್ಪುನೀರು ನುಗ್ಗುತ್ತಿತ್ತು, ಜಾಗ ಇಲ್ಲವೆಂದು ನಾವಿಕರು ಕೆಳಗೆ ಸಾಗಿಸಿದರೆ ಕತ್ತಲಿಗೆ ಸಾಯುತ್ತಿತ್ತು. ಮನೆಯಲ್ಲಿ ಗಾಜಿನ ಜಾಡಿಯಲ್ಲಿ ಗಿಡ ಬೆಳೆಸುವವರಿಗೂ ಮೊದಲನೆಯ ತಪ್ಪೇ ಶತ್ರು. ಗಾಜಿನ ಮೇಲೆ ಇಡೀ ದಿನ ಹನಿ ನಿಂತಿದ್ದರೆ ನೀರು ಜಾಸ್ತಿ ಎಂದೇ ಅರ್ಥ, ಒಂದೆರಡು ದಿನ ಮುಚ್ಚಳ ತೆಗೆದಿಡಿ.

ಸಂಪಾಜೆ ಕಡೆಯ ರಬ್ಬರೂ ಹೀಗೆಯೇ ಬಂತಾ?

ರಬ್ಬರಿನ ಮೂಲ ಬ್ರೆಜಿಲ್. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಲ್ಲಿಂದ ಸುಮಾರು 70,000 ಬೀಜ ಕ್ಯೂಗೆ ತಂದರು. ಮೊಳೆತದ್ದು 3,000ಕ್ಕೂ ಕಡಿಮೆ. ರಬ್ಬರ್ ಬೀಜದಲ್ಲಿ ಎಣ್ಣೆ ಹೆಚ್ಚು, ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಬದುಕಿದ ಸಸಿಗಳಲ್ಲಿ 1,919ನ್ನು 38 ವಾರ್ಡ್ ಪೆಟ್ಟಿಗೆಗಳಲ್ಲಿ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಕಳಿಸಿದರು. ಏಷ್ಯಾದ ರಬ್ಬರ್ ತೋಟಗಳ ಬಹುಪಾಲು ವಂಶ ಅಲ್ಲಿಂದಲೇ.

ಕಾಫಿ ಬಾಬಾಬುಡನ್‌ಗಿರಿಯಿಂದ ಬಂತು ಎನ್ನುತ್ತಾರೆ. ಅದರಲ್ಲಿ ಅರಸರ ತೋಟದ ಪಾತ್ರ ಏನು?

ನಮ್ಮ ಕಡೆಗೆ ಕಾಫಿ ಬಂದದ್ದು ಬಾಬಾಬುಡನ್ ಯೆಮನ್ನಿನ ಮೋಕಾದಿಂದ ತಂದ ಬೀಜದಿಂದ ಎಂಬುದು ಪರಂಪರೆಯ ಮಾತು. ಆ ದಾರಿಯಲ್ಲಿ ಯಾವ ಅರಸರ ತೋಟವೂ ಇಲ್ಲ.

ಅಮೆರಿಕ ಖಂಡದ ಕಾಫಿಯ ದಾರಿ ಬೇರೆ. ಜಾವಾದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಬಂತು. ಅದರ ಸಂತಾನದ ಒಂದು ಗಿಡವನ್ನು 1714ರಲ್ಲಿ ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿಗೆ ಉಡುಗೊರೆ ಕೊಟ್ಟರು, ಪ್ಯಾರಿಸ್ಸಿನ ಅರಸರ ಸಸ್ಯೋದ್ಯಾನದಲ್ಲಿ ಅದನ್ನು ಬೆಳೆಸಿದರು. 1720ರ ದಶಕದಲ್ಲಿ ಅದರ ಸಸಿ ಮಾರ್ಟಿನಿಕ್ ದ್ವೀಪಕ್ಕೆ ಹೋಯಿತು. ಒಂದು ಗಾಜಿನ ಮನೆಯ ಕೆಲವೇ ಗಿಡಗಳಿಂದ ಒಂದು ಖಂಡದ ಬೆಳೆ ಎದ್ದರೆ ಎಲ್ಲ ಗಿಡವೂ ಒಂದೇ ರಕ್ತದ್ದಾಗುತ್ತದೆ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ತಳಿಯಲ್ಲಿ ವೈವಿಧ್ಯ ಇರಲಿ ಎಂದು ಕಾಫಿ ಸಂಶೋಧಕರು ಒತ್ತಿ ಹೇಳುವುದು ಇದಕ್ಕೇ.

ಎಲೆ ತುಕ್ಕು ರೋಗಕ್ಕೂ ಪೆರಾದೆನಿಯಕ್ಕೂ ಏನು ನಂಟು?

ಈ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕ್ಯಾಂಡಿಯ ಹತ್ತಿರದ ಪೆರಾದೆನಿಯ ಮೊದಲು ಸಿಂಹಳ ಅರಸರ ಉದ್ಯಾನ. 1821ರಲ್ಲಿ ಸಸ್ಯೋದ್ಯಾನವಾಯಿತು. 1869ರಲ್ಲಿ ಸಿಲೋನಿನ ಕಾಫಿ ಎಲೆಗಳ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣಿಸಿತು. ಉದ್ಯಾನದ ಮುಖ್ಯಸ್ಥ ಥ್ವೇಟ್ಸ್ ಆ ಎಲೆಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಶಿಲೀಂಧ್ರ ತಜ್ಞ ಬರ್ಕ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇಟ್ಟ ಹೆಸರು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್. ಮೊದಲ ಪದದ ಅರ್ಥ ಅರೆ ನುಣುಪು, ಎರಡನೆಯದರ ಅರ್ಥ ಹಾಳುಗೆಡಹುವುದು. ಅರೆ ನುಣುಪು ಯಾಕೆಂದರೆ ಅದರ ಬೀಜಕಣ ನೋಡಲು ನಮ್ಮ ಕೊಡಗಿನ ಕಿತ್ತಳೆಯ ತೊಳೆಯ ಹಾಗೆಯೇ ಇದೆ: ಉಬ್ಬಿದ ಬೆನ್ನಿನ ತುಂಬ ಮುಳ್ಳು, ಹೊಟ್ಟೆ ಕಡೆ ನುಣ್ಣಗೆ.

1880ರಿಂದ 1882ರವರೆಗೆ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ಪೆರಾದೆನಿಯದಲ್ಲಿ ಕೂತು ರೋಗದ ಹೆಜ್ಜೆಗಳನ್ನು ಒಂದೊಂದಾಗಿ ಹಿಡಿದರು. ಗ್ಲಿಸರಿನ್ ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೆ ಇಟ್ಟು ಅದಕ್ಕೆ ಅಂಟಿದ ಬೀಜಕಣಗಳನ್ನು ನೋಡಿದರು. ಬೀಜಕಣ ಗಾಳಿಯಲ್ಲಿ ಬರುತ್ತದೆ, ಎಲೆಯ ಮೇಲೆ ನೀರಿನ ಹನಿ ಇದ್ದರೆ ಮಾತ್ರ ಮೊಳೆಯುತ್ತದೆ, ಎಲೆಯ ಕೆಳಮೈಯ ಸಣ್ಣ ರಂಧ್ರಗಳಿಂದ ಒಳಗೆ ಇಳಿಯುತ್ತದೆ. ಗಾಳಿಗೆ ತಡೆಯೇ ಇಲ್ಲದೆ ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಬೆಳೆ ಹಾಸಿದ್ದೇ ಅನಾಹುತಕ್ಕೆ ದಾರಿ ಮಾಡಿತು ಎಂದೂ ಅವರು ಹೇಳಿದರು. ಆ ಹೊತ್ತಿಗೆ ತಡವಾಗಿತ್ತು. ಸಿಲೋನ್ ಕಾಫಿ ಬಿಟ್ಟು ಚಹಾಕ್ಕೆ ಹೋಯಿತು. ಈಗ ತುಕ್ಕು ತಡೆಯಲು ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದದ್ದು 1885ರ ಸುಮಾರಿಗೆ.

ಕೊಡಗಿಗೂ ತುಕ್ಕು ಬಂತು. ಅದಕ್ಕೂ ಮೊದಲು, 1860ರ ದಶಕದಲ್ಲಿ, ಕಾಂಡಕೊರಕ ಹುಳ ಬಂದು ಬಿಸಿಲಿಗೆ ಬಿಟ್ಟ ತೋಟಗಳನ್ನು ಒಣಗಿಸಿತ್ತು. ನೆರಳಿನ ಮರ ಬೇಕೇ ಬೇಕು ಎಂಬುದನ್ನು ಇಲ್ಲಿನ ತೋಟಗಳು ಕಲಿತದ್ದು ಆ ಪೆಟ್ಟಿನಿಂದ. ಆಮೇಲೆ ತುಕ್ಕು ತಡೆಯುವ ತಳಿಗಳು ಬಂದವು, ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ ಬಂತು.

ಹಾಗಾದರೆ ಬೋರ್ಡೋ ಮಾಡುವಾಗ ಎಲ್ಲಿ ತಪ್ಪುತ್ತದೆ?

ಅರೇಬಿಕಾ ಕಾಫಿಗೆ 0.5 ಶೇಕಡಾ ದ್ರಾವಣ. 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 200 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಕಬ್ಬಿಣದ ಅಥವಾ ತಗಡಿನ ಪಾತ್ರೆಯಲ್ಲಿ ಮೈಲುತುತ್ತದ ತಾಮ್ರವೆಲ್ಲ ಪಾತ್ರೆಗೇ ಅಂಟುತ್ತದೆ, ಪಾತ್ರೆಯೂ ತೂತು, ಔಷಧಿಯೂ ಸಪ್ಪೆ. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಕಲಸಿ ಗೋಣಿಬಟ್ಟೆಯಲ್ಲಿ ಸೋಸಿ, ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕೋಲಿನಿಂದ ತಿರುಗಿಸಿ. ಬಣ್ಣ ತಿಳಿ ಆಕಾಶನೀಲಿ ಬರಬೇಕು.

ಪರೀಕ್ಷೆಗೆ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಲೇಪ ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಮುಗಿಸಿ, ಉಳಿದದ್ದು ಮರುದಿನಕ್ಕೆ ತಳ ಕಟ್ಟಿ ಎಲೆಗೆ ಅಂಟುವುದಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಡುವು ಕೊಟ್ಟ ಮೇಲೆ ಇನ್ನೊಮ್ಮೆ. ನಾವು ಕಾಣುವ ದೊಡ್ಡ ತಪ್ಪು ಅಳತೆಯದ್ದಲ್ಲ, ಎಲೆಯ ಮೇಲ್ಮೈಗೆ ಮಾತ್ರ ಹೊಡೆಯುವುದು. ರೋಗ ಒಳಗೆ ಹೋಗುವುದು ಕೆಳಮೈಯಿಂದ, ಸಿಂಪಡಿಸುವ ಗನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು.

ಸಿಲ್ವರ್ ಮರ ಎಲ್ಲಿಯದು? ಬೀಜದಿಂದ ಸಸಿ ಮಾಡಿದರೆ ಯಾಕೆ ಮೊಳೆಯುವುದಿಲ್ಲ?

ಆಸ್ಟ್ರೇಲಿಯಾದ ಪೂರ್ವ ಕರಾವಳಿಯದ್ದು. ಕ್ಯೂಗೆ ಗಿಡ ಸಂಗ್ರಹಿಸುತ್ತಿದ್ದ ಅಲನ್ ಕನ್ನಿಂಗ್‌ಹ್ಯಾಮ್ ಇದನ್ನು ಸಂಗ್ರಹಿಸಿ ಗ್ರೆವಿಲಿಯಾ ರೋಬಸ್ಟಾ ಎಂದು ಹೆಸರಿಟ್ಟರು, 1830ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಪ್ರಕಟಿಸಿದರು. ಇಂಗ್ಲಿಷಿನ ಸಿಲ್ವರ್ ಓಕ್ ಎಂಬ ಹೆಸರಲ್ಲಿ ಓಕ್ ಇದ್ದರೂ ಓಕಿನ ಕುಲಕ್ಕೆ ಸೇರಿದ್ದಲ್ಲ.

ಕಾಯಿ ದೋಣಿಯಾಕಾರ, ಸುಮಾರು 2 ಸೆಂ.ಮೀ. ಉದ್ದ, ಒಳಗೆ ತೆಳು ರೆಕ್ಕೆಯ ಒಂದೆರಡು ಬೀಜ. ಕಾಯಿ ಬಿರಿದ ಗಳಿಗೆಯಲ್ಲೇ ಬೀಜ ಗಾಳಿಗೆ ಹಾರಿಹೋಗುತ್ತದೆ, ಮರದಡಿ ಬಿದ್ದ ಖಾಲಿ ಸಿಪ್ಪೆ ಆರಿಸಿ ಪ್ರಯೋಜನವಿಲ್ಲ. ಹಸಿರು ಕಾಯಿ ಕಂದು ಬಣ್ಣಕ್ಕೆ ತಿರುಗುವಾಗ ಗೊಂಚಲನ್ನೇ ಕತ್ತರಿಸಿ, ಬಟ್ಟೆ ಹಾಸಿ ನೆರಳಿನಲ್ಲಿ ಹರಡಿ ಮೇಲೊಂದು ಬಲೆ ಮುಚ್ಚಿ. ಕೆಲವು ದಿನದಲ್ಲಿ ತಾನೇ ಬಿರಿಯುತ್ತದೆ. ಮರಳು ಮಿಶ್ರಿತ ಪಾತಿಗೆ ಹರಡಿ, ಮೇಲೆ ಬೀಜ ಮರೆಯಾಗುವಷ್ಟು ಮಾತ್ರ ಮರಳು ಉದುರಿಸಿ. ಅರ್ಧ ಇಂಚು ಮಣ್ಣು ಮುಚ್ಚುವುದೇ ಮೊಳೆಯದಿರಲು ಮೊದಲ ಕಾರಣ. ಎರಡನೆಯದು ಹಳೆಯ ಬೀಜ. ಮೊಳಕೆ ಬರಲು ಮೂರ್ನಾಲ್ಕು ವಾರ ಬೇಕು, ಎರಡನೇ ವಾರಕ್ಕೇ ಕೈಚೆಲ್ಲಿ ಪಾತಿ ಕೆದಕಬೇಡಿ. ಸಂಜೆ ನೀರು ಹಾಕಿ ರಾತ್ರಿಯೆಲ್ಲ ಒದ್ದೆ ಬಿಟ್ಟರೆ ಬುಡ ಕೊಳೆತು ಸಾಲುಸಾಲು ಮಲಗುತ್ತವೆ.

ನಾಲ್ಕು ಎಲೆ ಬಂದಾಗ ಚೀಲಕ್ಕೆ. ಕಾಫಿ ನರ್ಸರಿಯ ಮಿಶ್ರಣವೇ ಸಾಕು: 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಮಂಡಿಯೆತ್ತರ ಬಂದ ಸಸಿಯನ್ನು ಒಂದೂವರೆ ಅಡಿಯ ಗುಂಡಿಗೆ ಮುಂಗಾರು ಹಿಡಿದ ಮೇಲೆ ನೆಡಿ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುರುಳಿಯನ್ನು ಕತ್ತರಿಸಿ. ಹಾಗೆಯೇ ನೆಟ್ಟರೆ ಮರ ಎತ್ತರ ಹೋಗಿ, ಒಂದು ಜೋರು ಗಾಳಿಗೆ ಬುಡಸಮೇತ ಬೀಳುತ್ತದೆ.

ಒಂದು ಮಾತು ಸೇರಿಸಬೇಕು. ಸಿಲ್ವರ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆ, ಕಡಿಯಲು ಬೀಟೆ ಮರಕ್ಕಿರುವಂಥ ಅನುಮತಿಯ ತೊಡಕಿಲ್ಲ. ಅದಕ್ಕೇ ತೋಟಗಳಲ್ಲಿ ಊರ ಮರಗಳ ಜಾಗಕ್ಕೆಲ್ಲ ಇದೇ ಬಂತು. ಆದರೆ ಇದರ ತರಗು ನಿಧಾನಕ್ಕೆ ಕೊಳೆಯುತ್ತದೆ, ಹಕ್ಕಿಗಳಿಗೆ ತಿನ್ನುವ ಹಣ್ಣಿಲ್ಲ. ಅತ್ತಿ, ಹಲಸು, ಬೀಟೆ, ಹಾಲುವಾಣಗಳ ನಡುವೆ ಸಿಲ್ವರ್ ಇರಲಿ, ಸಿಲ್ವರ್ ಒಂದೇ ಬೇಡ. ಸಿಲೋನಿನ ಬೆಟ್ಟಗಳ ಪಾಠ ನೆರಳಿನ ಮರಕ್ಕೂ ಅನ್ವಯಿಸುತ್ತದೆ.

ಈ ಉದ್ಯಾನಗಳಿಂದ ಕೆಟ್ಟದ್ದೂ ಬಂದಿದೆಯಲ್ಲ?

ಬಂದಿದೆ. ಲಂಟಾನ ಅದಕ್ಕೆ ದೊಡ್ಡ ಉದಾಹರಣೆ. ಹೂವಿನ ಚೆಂದಕ್ಕೆಂದು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಪೊದೆ ಇವತ್ತು ನಾಗರಹೊಳೆಯಲ್ಲಿ ಹುಲ್ಲು ಬೆಳೆಯಬೇಕಾದ ಜಾಗವನ್ನು ಮುಚ್ಚಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ, ದನ, ಜಿಂಕೆ ಎಲೆ ಮುಟ್ಟುವುದಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತೋಟದಂಚಿನಲ್ಲಿ ತೆಗೆಯುವುದಾದರೆ ಮಣ್ಣು ಮೆತ್ತಗಿರುವಾಗ, ಕಾಯಿ ಕಟ್ಟುವ ಮೊದಲು, ಬುಡವನ್ನು ಮಣ್ಣಿನೊಳಗಿಂದ ಕತ್ತರಿಸಿ ಬೇರಿನ ಗೆಡ್ಡೆಯನ್ನು ತಲೆಕೆಳಗಾಗಿಡಿ. ಸವರಿ ಬಿಟ್ಟರೆ ಇನ್ನೂ ದಟ್ಟವಾಗುತ್ತದೆ.

ಗಿಡವನ್ನು ಮೂಲದಿಂದ ತರುವಾಗ ಅದನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ಹುಳ, ರೋಗ ಜೊತೆಗೆ ಬರುವುದಿಲ್ಲ. ಹೊಸ ಗಿಡವೊಂದು ನಮ್ಮಲ್ಲಿ ಹುಚ್ಚೆದ್ದು ಬೆಳೆದರೆ ಖುಷಿಪಡುವ ಮೊದಲು ಅನುಮಾನಪಡಬೇಕು.

ಕೊಡಗಿನಿಂದ ಲಾಲ್‌ಬಾಗಿಗೆ ಹೋದರೆ ಏನು ನೋಡಬೇಕು?

ಮಡಿಕೇರಿಯಿಂದ ಸುಮಾರು 260 ಕಿ.ಮೀ. ಬಸ್ಸಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿನಗರ ಮೆಟ್ರೋ ಹತ್ತಿರ. ಅಲ್ಲಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಬದಲಿಸಿ ಹಸಿರು ಮಾರ್ಗದಲ್ಲಿ ನಾಲ್ಕನೇ ನಿಲ್ದಾಣವೇ ಲಾಲ್‌ಬಾಗ್.

ಜನವರಿ 26 ಮತ್ತು ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೂವಿನ ರಚನೆ ನೋಡಬಹುದು, ಮರ ನೋಡಲಾಗುವುದಿಲ್ಲ, ಅಷ್ಟು ಜನ. ಮರಗಳಿಗಾಗಿ ಹೋಗುವವರು ಬೇರೆ ವಾರಗಳಲ್ಲಿ, ಬೆಳಿಗ್ಗೆ ಹೋಗಿ. ಮೊದಲು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು. ಆಮೇಲೆ ಬೂರುಗದ ದೈತ್ಯ ಮರದ ಬೇರಿನ ಗೋಡೆಗಳ ಪಕ್ಕ ನಿಂತು ನೋಡಿ. ನಂತರ ಮರಗಳ ಹೆಸರಿನ ಫಲಕಗಳನ್ನು ಓದುತ್ತ ನಡೆಯಿರಿ, ಮೂಲ ದೇಶ ಬರೆದಲ್ಲಿ ಒಂದು ಕ್ಷಣ ನಿಲ್ಲಿ. ನಿಮ್ಮ ಅಂಗಳದಲ್ಲೇ ಇರುವ ಎಷ್ಟು ಗಿಡ ಹೊರದೇಶದ್ದು ಎಂಬುದು ಗೊತ್ತಾಗುತ್ತದೆ. ಸೀಮೆಬದನೆಯನ್ನೇ ನೋಡಿ: ಮೂಲ ಮೆಕ್ಸಿಕೊ ಕಡೆಯದು, ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯ್ ಎನ್ನುತ್ತಾರೆ.

ನಮ್ಮ ತೋಟದಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ಹಳೆಯ ಮರ ಇದೆ. ಗುರುತಿಸುವುದು ಹೇಗೆ?

ಎಲೆಯೊಂದನ್ನೇ ಕಿತ್ತು ತರಬೇಡಿ. ಹೂ ಅಥವಾ ಕಾಯಿ ಇರುವ, ಒಂದು ಅಡಿ ಉದ್ದದ ರೆಂಬೆ ಬೇಕು. ಎಲೆಗಳು ಕಾಂಡಕ್ಕೆ ಎದುರುಬದುರು ಕೂತಿವೆಯೋ ಒಂದಾದ ಮೇಲೊಂದು ಕೂತಿವೆಯೋ ಎಂಬುದು ಅದರಲ್ಲೇ ಕಾಣುವುದು. ದಿನಪತ್ರಿಕೆಯ ಮಡಿಕೆಯೊಳಗೆ ಹರಡಿ, ಒಂದೆರಡು ಎಲೆಯ ಕೆಳಮೈ ಮೇಲೆ ಬರುವಂತೆ ತಿರುಗಿಸಿ, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿ. ಮೊದಲ ನಾಲ್ಕು ದಿನ ದಿನಾ ಕಾಗದ ಬದಲಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಇದು ಸಾಲದು, ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ. ರಟ್ಟಿನ ಪೆಟ್ಟಿಗೆಯ ತಳದಲ್ಲಿ 60 ವಾಟಿನ ಹಳೆಯ ಮಾದರಿಯ ಬಲ್ಬ್ ಹಾಕಿ, ಒಂದು ಅಡಿ ಮೇಲೆ ಕಟ್ಟನ್ನು ನೇರವಾಗಿ ನಿಲ್ಲಿಸಿ, ಮೇಲ್ಗಡೆ ಆವಿ ಹೋಗಲು ತೂತು ಬಿಡಿ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಬರುವುದಿಲ್ಲ. ಬಲ್ಬಿಗೆ ಕಾಗದ ತಾಗದಂತೆ ನೋಡಿ, ರಾತ್ರಿ ಹಾಗೆಯೇ ಬಿಟ್ಟು ಮಲಗಬೇಡಿ. ಒಲೆಯ ಮೇಲಿನ ಅಟ್ಟವೂ ಒಣಗಿಸುತ್ತದೆ, ಆದರೆ ಹೊಗೆ ಹಿಡಿದರೆ ಹೂವಿನ ಬಣ್ಣ ತಿಳಿಯುವುದಿಲ್ಲ. ರೆಂಬೆಯನ್ನು ಬಗ್ಗಿಸಿದರೆ ಟಪ್ಪೆಂದು ಮುರಿಯುವಂತಾದರೆ ಒಣಗಿದೆ ಎಂದು ಅರ್ಥ.

ಜೊತೆಗೆ ಚೀಟಿ ಬರೆಯಿರಿ. ಒಣಗಿದ ಮೇಲೆ ತಿಳಿಯದ ಸಂಗತಿಗಳೇ ಅದರಲ್ಲಿರಬೇಕು: ದಿನಾಂಕ, ಊರು, ತೋಟದ ಯಾವ ಭಾಗ, ಮರದ ಎತ್ತರ, ಎದೆಮಟ್ಟದ ಸುತ್ತಳತೆ, ಹೂವಿನ ಬಣ್ಣ ಮತ್ತು ವಾಸನೆ, ತೊಗಟೆ ಕೆತ್ತಿದರೆ ಬರುವ ಹಾಲು ಅಥವಾ ಅಂಟು, ಊರವರು ಕರೆಯುವ ಹೆಸರು, ಸಂಗ್ರಹಿಸಿದವರ ಹೆಸರು. ಮಾದರಿ ತಯಾರಾದ ಮೇಲೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಕೇಳಬಹುದು. ದೇವರಕಾಡು, ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ರೆಂಬೆ ಕೀಳಬೇಡಿ.

ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಲದಾ?

ತೆಗೆಯಿರಿ, ಹೂವಿನ ಬಣ್ಣಕ್ಕೆ ಅದೇ ಒಳ್ಳೆಯ ಸಾಕ್ಷಿ. ಆದರೆ ಫೋಟೊದಲ್ಲಿ ಹೂವನ್ನು ಬಿಡಿಸಿ ಕೇಸರ ಎಣಿಸಲು ಆಗುವುದಿಲ್ಲ, ಒಣ ಮಾದರಿಯ ಹೂವನ್ನು ನೂರು ವರ್ಷದ ನಂತರವೂ ಬಿಸಿನೀರಿನಲ್ಲಿ ನೆನೆಸಿ ಬಿಡಿಸಬಹುದು. ಎರಡನ್ನೂ ಮಾಡಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ, ಅದೇ ಸಂಖ್ಯೆಯ ಅಲ್ಯುಮಿನಿಯಂ ಬಿಲ್ಲೆಯನ್ನು ಮರಕ್ಕೂ ಕಟ್ಟಿ. ಮೊಳೆ ಹೊಡೆಯಬೇಡಿ, ಸಡಿಲವಾದ ತಂತಿಯಲ್ಲಿ ಕೊಂಬೆಗೆ ತೂಗುಹಾಕಿ, ಕೊಂಬೆ ದಪ್ಪವಾದಂತೆ ಎರಡು ವರ್ಷಕ್ಕೊಮ್ಮೆ ಸಡಿಲಿಸಿ.